ಹುಡುಗಿಯರಿಗೆ ಉಪ್ಪು

ಸಂಜೆ ಸರಿಯಾಗಿ ನಾಲ್ಕು ಗಂಟೆಗೆ ಕರೆಂಟ್ ಬಂತು. ಎಲ್ಲ ಕೆಡಲು ಶುರುವಾದದ್ದು ಆಗಲೇ. ಬ್ಯಾಡಗಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಹೋದ ಕರೆಂಟ್ ಆಗ ನಾಲ್ಕಕ್ಕೆ ಬರುತ್ತಿತ್ತು. ಗಡಿಯಾರ ತಪ್ಪಿದ್ದರೆ ಅದನ್ನು ನೋಡಿಯೇ ಸರಿಮಾಡಿಕೊಳ್ಳುತ್ತಿದ್ದೆವು. ಆವತ್ತು ಪಡಸಾಲೆಯ ಫ್ಯಾನು ಕಿರ್ರೆಂದು ತಿರುಗಿತು, ನೆಲದ ಮೇಲೆ ರಾಶಿ ಹಾಕಿದ್ದ ಮೆಣಸಿನಕಾಯಿಯ ದೂಳು ಎದ್ದಿತು, ಅವ್ವ, ಅಪ್ಪನ ತಾಯಿ ಆಯಿ, ನಾನು ಮೂವರೂ ಒಟ್ಟಿಗೇ ಕೆಮ್ಮಿದೆವು. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಅಪ್ಪನ ಬ್ಯಾಟರಿ ಚಾರ್ಜರ್ ಗುಂಯ್ ಎಂದಿತು. ಮುಚ್ಚಿದ ಬಾಗಿಲ ಹಿಂದೆ ಅಕ್ಕ ಕಸ್ತೂರಿ ಒಬ್ಬಳೇ ಇದ್ದಳು. ಇಷ್ಟು ವರ್ಷವಾದ ಮೇಲೂ, ಮನೆಯಲ್ಲಿ ಫ್ರಿಜ್ಜು ಒಮ್ಮೆಲೇ ಗುಂಯ್ ಎಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಮುಚ್ಚಿದ ಬಾಗಿಲು ಯಾವುದಿದೆ ಎಂದು ನೋಡುತ್ತೇನೆ.

ನಮ್ಮದು ಉದ್ದನೆಯ ಮನೆ. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ಅದರ ಬಲಕ್ಕೆ ಅಡುಗೆಮನೆ, ಎಡಕ್ಕೆ ಒಂದು ಸಣ್ಣ ಕೋಣೆ, ಹಿಂದೆ ಹಿತ್ತಲು. ಅಪ್ಪನದು ಮೈಕ್ ಸೆಟ್ಟಿನ ದಂಧೆ. ಮದುವೆ, ಮುಂಜಿ, ಭಾಷಣ ಎಲ್ಲಿದ್ದರೂ ಕರೆ ಬರುತ್ತಿತ್ತು. ಪಡಸಾಲೆಯ ಗೋಡೆಯ ಮೇಲೆ, ಬೇರೆಯವರ ಮನೆಯಲ್ಲಿ ಹಿರಿಯರ ಫೋಟೊ ಇರುವ ಜಾಗದಲ್ಲಿ, ನಮ್ಮಲ್ಲಿ ತಗಡಿನ ತುತ್ತೂರಿಗಳು ಬಾಯಿ ತೆರೆದು ನೇತಾಡುತ್ತಿದ್ದವು. ಎಡಗಡೆಯ ಸಣ್ಣ ಕೋಣೆಯಲ್ಲಿ ಬ್ಯಾಟರಿಗಳು, ಚಾರ್ಜರ್, ಮೇಲಿನ ಹಲಗೆಯ ಮೇಲೆ ಆಸಿಡ್ ಕ್ಯಾನು. ಆ ಕ್ಯಾನಿಗೆ ಅಪ್ಪ ಕೆಂಪು ಬಟ್ಟೆ ಕಟ್ಟಿದ್ದ. ನಾವು ಹುಟ್ಟಿದಾಗಿನಿಂದ ಕೇಳಿದ ಮಾತು ಒಂದೇ: ಅದನ್ನು ಮುಟ್ಟಬಾರದು. ಮುಟ್ಟಲೂ ಇಲ್ಲ. ಸುಗ್ಗಿ ಬಂತೆಂದರೆ ಮಿಕ್ಕ ಜಾಗವೆಲ್ಲ ಮೆಣಸಿನಕಾಯಿಯದು. ವ್ಯಾಪಾರಸ್ಥರ ಆಳು ಚೀಲ ತಂದು ಸುರಿದು ಹೋಗುತ್ತಿದ್ದ. ಕಾಯಿ ಮುರಿಯಬಾರದೆಂದು ನೀರು ಚಿಮುಕಿಸಿ, ಒಂದೊಂದನ್ನೇ ಹಿಡಿದು ತೊಟ್ಟು ಬಿಡಿಸಬೇಕು. ನಮ್ಮೂರ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ ಎನ್ನುತ್ತಾರೆ. ಹಾಗೆನ್ನುವವರು ಅದರ ರಾಶಿಯ ಪಕ್ಕದಲ್ಲಿ ಮಲಗಿದವರಲ್ಲ. ಅವ್ವ ರೊಟ್ಟಿ ಬಡಿಯುವ ಮುಂಚೆ ಕೈಗೆ ಎಣ್ಣೆ ಸವರಿ, ಮಜ್ಜಿಗೆಯಲ್ಲಿ ತೊಳೆದು, ಮತ್ತೆ ಬೂದಿ ಹಚ್ಚಿ ತೊಳೆಯುತ್ತಿದ್ದಳು. ಆದರೂ ರೊಟ್ಟಿಯ ಮೊದಲ ತುತ್ತು ತುಟಿಯನ್ನು ಚುರ್ರೆನಿಸುತ್ತಿತ್ತು.

ಆ ತಿಂಗಳುಗಳಲ್ಲಿ ಕೆಮ್ಮು ನಮಗೆ ರೋಗವಲ್ಲ, ಮನೆಯ ಸದ್ದು. ಪಾತ್ರೆಯ ಸದ್ದು, ಬೀಸುಕಲ್ಲಿನ ಸದ್ದು ಇದ್ದಂತೆ ಅದೂ ಒಂದು. ಕಣ್ಣು ಮುಚ್ಚಿ ಕೂತರೂ ಯಾರು ಎಲ್ಲಿದ್ದಾರೆಂದು ಕೆಮ್ಮಿನಿಂದ ಗೊತ್ತಾಗುತ್ತಿತ್ತು. ಆಯಿಯದು ಮೂರು ಸಲ ಕೆಮ್ಮಿ ಕೊನೆಗೊಂದು ಬೈಗುಳ. ಅವ್ವನದು ಸೆರಗಿನೊಳಗೆ. ಅಕ್ಕನದು ಸಣ್ಣದು, ಯಾರಿಗೋ ತೊಂದರೆಯಾದೀತೆಂದು ಹೆದರಿದ ಹಾಗೆ. ಯಾರೂ ಯಾರನ್ನೂ “ಯಾಕೆ ಕೆಮ್ಮುತ್ತೀ” ಎಂದು ಕೇಳುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಆ ಪ್ರಶ್ನೆಗೆ ಅರ್ಥವೇ ಇಲ್ಲ.

ಅಕ್ಕ ಆಗ ಹತ್ತನೆಯ ಇಯತ್ತೆ, ನಾನು ಎಂಟನೆಯದು. ರಾಣೆಬೆನ್ನೂರಿನಲ್ಲಿ ವಿಜ್ಞಾನ ಪ್ರದರ್ಶನವಿತ್ತು. ನಮ್ಮ ಹೈಸ್ಕೂಲಿನಿಂದ ಅಕ್ಕನ ಹೆಸರೂ ಹೋಗಿತ್ತು. ಅವಳ ಪಾಲಿಗೆ ಬಂದ ಪ್ರಯೋಗ ನೀರಿನ ವಿದ್ಯುದ್ವಿಭಜನೆ. ನೀರಿನೊಳಗೆ ಎರಡು ಕಡ್ಡಿ ಇಟ್ಟು ಕರೆಂಟ್ ಹರಿಸಿದರೆ ನೀರು ಒಡೆದು ಒಂದು ಕಡ್ಡಿಯಲ್ಲಿ ಜಲಜನಕ, ಇನ್ನೊಂದರಲ್ಲಿ ಆಮ್ಲಜನಕ ಬರುತ್ತದೆ. ಅದು ಎರಡು ಪಾಲು, ಇದು ಒಂದು ಪಾಲು. ಇದನ್ನು ಇಡೀ ತರಗತಿ ಮಗ್ಗಿಯಂತೆ ಬಾಯಿಪಾಠ ಮಾಡಿತ್ತು. ಕಣ್ಣಿಂದ ನೋಡಿದವರು ಒಬ್ಬರೂ ಇರಲಿಲ್ಲ. ಬರೀ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೆ ಕೆಲವು ಹನಿ ಗಂಧಕಾಮ್ಲ, ಅಂದರೆ ಬ್ಯಾಟರಿಗೆ ಹಾಕುವ ಅದೇ ಆಸಿಡ್, ಸೇರಿಸಬೇಕೆಂದು ಪುಸ್ತಕದಲ್ಲಿತ್ತು. ವಿಜ್ಞಾನದ ಸರ್ ಪುಸ್ತಕ ಮುಚ್ಚಿ ತಾವೇ ಒಂದು ನಿಯಮ ಮಾಡಿದರು. ಆ ಮಾತನ್ನು ನಾನು ಅಕ್ಕನ ಗೆಳತಿಯರ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಸರ್ ಗಂಟಲು ಸರಿಮಾಡಿಕೊಳ್ಳುವ ಸದ್ದೂ ನನಗೆ ಗೊತ್ತು.

“ಹುಡುಗ್ರು ಬ್ಯಾಟರಿ ಅಂಗಡ್ಯಾಗಿಂದ ಒಂಚೂರು ಆಸಿಡ್ ತಂದು ಹಾಕ್ರಿ. ಹುಡುಗ್ಯಾರು ಮುಟ್ಟಬ್ಯಾಡ್ರಿ. ಮಾರಿಗೆ ಸಿಡದ್ರ ನಾಳಿ ನಿಮ್ಮನ್ನ ಯಾರ ಮಾಡ್ಕೋತಾರ? ಅಡಗಿಮನ್ಯಾಗ ಉಪ್ಪು ಐತಲ್ಲ, ಅದನ್ನ ಹಾಕ್ರಿ. ಎಲ್ಲಾ ಒಂದ.”

ಎಲ್ಲಾ ಒಂದೇ ಅಲ್ಲ. ಉಪ್ಪಿನ ದ್ರಾವಣದಲ್ಲಿ ಕರೆಂಟ್ ಹರಿಸಿದರೆ ಆಮ್ಲಜನಕದ ಜಾಗದಲ್ಲಿ ಬರುವುದು ಕ್ಲೋರಿನ್. ಉಪ್ಪಿನಲ್ಲಿ ಇರುವುದೇ ಅದು. ಯುದ್ಧದಲ್ಲಿ ಮನುಷ್ಯರನ್ನು ಕೊಲ್ಲಲು ಬಳಸಿದ ಅನಿಲ. ಇದು ದೊಡ್ಡ ಗುಟ್ಟೇನೂ ಆಗಿರಲಿಲ್ಲ. ಅದೇ ಪುಸ್ತಕದಲ್ಲಿ ಮುಂದಿನ ಪುಟದಲ್ಲೇ ಇತ್ತು. ಆ ಪುಟ ಪರೀಕ್ಷೆಗೆ ಬರುವುದಿಲ್ಲವೆಂದು ಸರ್ ಅದನ್ನು ಬಿಡಿಸಿದ್ದರು. ಅವರಿಗೆ ಗೊತ್ತಿರಲಿಲ್ಲ ಎಂಬುದಕ್ಕೆ ನನಗೆ ಸಿಟ್ಟಿಲ್ಲ. ಅವರು ನಮ್ಮ ಮುಖದ ಬಗ್ಗೆ ಚಿಂತಿಸಿದರು, ನಮ್ಮ ಉಸಿರಿನ ಬಗ್ಗೆ ಚಿಂತಿಸಲಿಲ್ಲ. ಹೆಣ್ಣುಮಕ್ಕಳಿಗೆ ಅಡುಗೆಮನೆಯಲ್ಲಿ ಸಿಕ್ಕಿದ್ದು ಅಪಾಯವಾಗಲಾರದು ಎಂಬ ಆ ನಂಬಿಕೆ ಇದೆಯಲ್ಲ, ಅದು ನನ್ನ ಅಕ್ಕನ ಅರ್ಧ ಎದೆಯನ್ನು ತಿಂದಿತು.

ಆವತ್ತು ಅಪ್ಪ ಕದರಮಂಡಲಗಿಗೆ ಮದುವೆಯೊಂದಕ್ಕೆ ಮೈಕ್ ಕಟ್ಟಲು ಹೋಗಿದ್ದ. ಅಕ್ಕ ಮಧ್ಯಾಹ್ನವೇ ಬ್ಯಾಟರಿ ಕೋಣೆ ಸೇರಿದಳು. ಹಳೆಯ ಸೆಲ್ಲು ಒಡೆದು ತೆಗೆದ ಎರಡು ಕಪ್ಪು ಕಡ್ಡಿ, ಪ್ಲಾಸ್ಟಿಕ್ ಬೋಗುಣಿಯ ತುಂಬ ನೀರು, ನೀರು ತುಂಬಿ ಬೋರಲು ಹಾಕಿದ ಎರಡು ಔಷಧದ ಬಾಟಲಿ. ಆಸಿಡ್ ಕ್ಯಾನು ಅವಳ ತಲೆಯ ಮೇಲೆಯೇ ಇತ್ತು. ಅದು ಅಪಾಯದ್ದೆಂದು ಅವಳು ಅಡುಗೆಮನೆಯಿಂದ ಉಪ್ಪು ಒಯ್ದಳು. ಮೆಣಸಿನಕಾಯಿಯ ಘಾಟು ಒಳಗೆ ಬರಬಾರದೆಂದು ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಗೋಣಿಚೀಲ ತುರುಕಿದಳು. ಚಾರ್ಜರಿಗೆ ಸಿಕ್ಕಿಸಿಟ್ಟಿದ್ದ ಬ್ಯಾಟರಿಗೇ ತಂತಿ ಹಚ್ಚಿದ್ದಳು. ಹಿಂದಿನ ದಿನದ ಮದುವೆಯಲ್ಲಿ ಅದರ ಕಸುವು ಇಳಿದುಹೋಗಿತ್ತು. ನಾಲ್ಕರವರೆಗೆ ಕಡ್ಡಿಗಳ ಮೇಲೆ ಒಂದೊಂದೇ ಗುಳ್ಳೆ ಬರುತ್ತಿತ್ತಂತೆ. ಕರೆಂಟ್ ಬಂದು ಚಾರ್ಜರ್ ಗುಂಯ್ ಎಂದ ಮೇಲೆ ನೀರು ಕುದಿಯುವಂತೆ ಗುಳ್ಳೆ ಎದ್ದವು. ಅಕ್ಕನಿಗೆ ಖುಷಿಯಾಯಿತು. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದು ಮತ್ತೆ ಉಪ್ಪಿನ ಗಡಿಗೆಗೆ ಕೈ ಹಾಕಿದಳು.

“ಎಷ್ಟ ಉಪ್ಪ ಒಯ್ತೀಯವಾ? ನೀರಿನ ಉಪ್ಪಿನಕಾಯಿ ಹಾಕ್ತೀಯೇನ?” ಎಂದಳು ಅವ್ವ.

“ಒಂದ್ ಬಾಟ್ಲಿ ಭರ್ತಿ ಆಗೇತಿ. ಇನ್ನೊಂದು ಅರ್ಧ ಆಗಬೇಕು, ಆಗವಲ್ದು. ಎಲ್ಲೋ ತಪ್ಪೇತಿ.”

“ಕಣ್ಣ ಯಾಕ ಹಂಗ ಕೆಂಪಗಾಗ್ಯಾವ?”

“ಕಾಯಿ ಮುಟ್ಟಿದ ಕೈ ಹತ್ತೇತಿ ಬಿಡ.”

ಬಾಟಲಿ ತುಂಬದ್ದಕ್ಕೆ ಕಾರಣವಿತ್ತು. ಕ್ಲೋರಿನ್ ನೀರಿನಲ್ಲಿ ಕರಗುತ್ತದೆ, ಕರಗಿ ಸಾಕಾದ ಮೇಲೆ ಹೊರಗೆ ಬರುತ್ತದೆ. ಅವಳಿಗೆ ಗೊತ್ತಿದ್ದುದು ಎರಡಕ್ಕೆ ಒಂದು ಎಂಬ ಲೆಕ್ಕ ಮಾತ್ರ. ಲೆಕ್ಕ ಹೊಂದಲಿಲ್ಲವೆಂದರೆ ತಪ್ಪು ತನ್ನದೇ ಎಂದು ಅವಳಿಗೆ ಕಲಿಸಿದ್ದರು. ಅದಕ್ಕೇ ಉಪ್ಪು ಹಾಕಿದಳು, ಬಾಗಿ ನೋಡಿದಳು, ಇನ್ನೂ ಹಾಕಿದಳು. ಬಾಗಿಲ ಆಚೆ ಅವಳು ಕೆಮ್ಮುವುದು ನಮಗೆ ಕೇಳುತ್ತಿತ್ತು. ಈಚೆ ನಾವೂ ಕೆಮ್ಮುತ್ತಿದ್ದೆವು.

“ನೋಡ, ಓದೋ ಹುಡುಗಿಗೆ ಬಾಗಲಾ ಹಾಕಿದ್ರೂ ಘಾಟು. ಕೂತು ನಾಕ ಕಾಯಿ ಬಿಡಸಂದ್ರ ಮಾತ್ರ ಆಗೂದಿಲ್ಲ,” ಎಂದು ಆಯಿ ಅಣಕಿಸಿದಳು. ನಾವು ನಕ್ಕೆವು.

ಆಮೇಲೆ ಅವ್ವನ ಕೈ ನಿಂತಿತು. ಕಾಯಿ ಒಂದು ಕೈಯಲ್ಲಿ, ತೊಟ್ಟು ಇನ್ನೊಂದು ಕೈಯಲ್ಲಿ. ತಲೆಯೆತ್ತಿ ಗೋಡೆ ನೋಡಿದಳು.

“ಕಸ್ತೂರಿ ಯಾಕ ಕೆಮ್ಮವಲ್ಲಳು?”

ಈ ಮಾತನ್ನು ನಾನು ಜೀವನದುದ್ದಕ್ಕೂ ಕೇಳುತ್ತ ಬಂದಿದ್ದೇನೆ. ಕೆಮ್ಮಿದರೆ ಯಾರೂ ಕೇಳದ ಮನೆಯಲ್ಲಿ, ಕೆಮ್ಮು ನಿಂತದ್ದನ್ನು ಅವ್ವ ಕೇಳಿಸಿಕೊಂಡಳು. ಎದ್ದವಳೇ ಬಾಗಿಲು ನೂಕಿದಳು. ಗೋಣಿಚೀಲ ತಡೆಯಿತು. ಭುಜ ಕೊಟ್ಟು ನೂಕಿದಳು. ಒಳಗಿನಿಂದ ಬಂದ ವಾಸನೆ ಮೆಣಸಿನಕಾಯಿಯದಲ್ಲ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ಬರುವ ವಾಸನೆ, ಅದರ ನೂರು ಪಟ್ಟು. ಅಕ್ಕ ಬೋಗುಣಿಯ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದಳು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ತುಟಿ ನೇರಳೆ ಹಣ್ಣು ತಿಂದಂತೆ. ಅವ್ವ ಸೆರಗು ಕಚ್ಚಿಕೊಂಡು ಅವಳನ್ನು ರಟ್ಟೆ ಹಿಡಿದು ಮೆಣಸಿನಕಾಯಿಯ ರಾಶಿಯ ಮೇಲೆಯೇ ಎಳೆದುಕೊಂಡು ಹೊರಗಿನ ಕಟ್ಟೆಗೆ ತಂದಳು. ಎದುರುಮನೆಯ ಮೌಲಾಸಾಬ್ ಕಾಕಾ ಕಾಯಿ ಚೀಲ ಹೇರಿದ್ದ ತನ್ನ ಟೆಂಪೊವನ್ನು ಆಗಷ್ಟೇ ನಿಲ್ಲಿಸುತ್ತಿದ್ದ. ಚೀಲಗಳನ್ನು ಕಾಲಲ್ಲಿ ಒದ್ದು ರಸ್ತೆಗೆ ಕೆಡವಿದ.

“ಹತ್ರಿ ಅಕ್ಕಾರ, ಲಗೂ ಹತ್ರಿ. ಚೀಲದ್ದು ಆಮ್ಯಾಲ ನೋಡೂಣು. ಹಾವೇರಿಗೇ ಹೋಗೂಣು.”

ಹಾವೇರಿಯ ದವಾಖಾನೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದಾಗ ಅವ್ವ “ಮೆಣಸಿನಕಾಯಿ ಘಾಟು ರೀ” ಎಂದಳು. ಅವಳಿಗೆ ಬೇರೆ ಹೆಸರು ಗೊತ್ತಿರಲಿಲ್ಲ. ಡಾಕ್ಟರು ಅಕ್ಕನ ಬಟ್ಟೆ ಮೂಸಿ ನೋಡಿದರು. “ಏನ್ ಮಾಡಾಕತ್ತಿದ್ದಿ ತಂಗಿ?” ಎಂದು ಅವಳ ಬಾಯಿಗೆ ಕಿವಿಯಿಟ್ಟರು. ಅಕ್ಕ ಒಂದೇ ಮಾತು ಹೇಳಿದಳು.

“ಆಮ್ಲಜನಕ.”

“ಯಾವುದು ಹಾಕಿ?”

“ಉಪ್ಪು.”

ಅವರ ಮುಖ ಬದಲಾಯಿತು. ಯಾರ ಮೇಲೋ ಕೂಗಿ ಸಿಲಿಂಡರ್ ಉರುಳಿಸಿಕೊಂಡು ಬರಲು ಹೇಳಿದರು. ಅವಳು ಅಷ್ಟು ಹೊತ್ತು ಬಾಟಲಿಯಲ್ಲಿ ತುಂಬಿಸಲು ಪಾಡುಪಟ್ಟ ಅದೇ ಆಮ್ಲಜನಕವನ್ನು ಅವಳ ಮೂಗಿಗೆ ಹಚ್ಚಿದರು. ಕದರಮಂಡಲಗಿಯಿಂದ ಅಪ್ಪ ಬಂದು ಮುಟ್ಟುವ ಹೊತ್ತಿಗೆ ತುಟಿಗೆ ಬಣ್ಣ ಬಂದಿತ್ತು.

ಊರಲ್ಲಿ ಆಗ ಸುದ್ದಿಯಾದದ್ದು ಬೇರೆ. ಬ್ಯಾಟರಿ ಕೋಣೆಯ ಬಾಗಿಲ ಬಳಿ ಒದ್ದೆಯಾಗಿದ್ದ ಕಾಯಿಗಳು ಬಿಳಿಚಿಕೊಂಡಿದ್ದವು. ಕೆಂಪು ಹೋಗಿ ಹಳೆಯ ಹುಲ್ಲಿನ ಬಣ್ಣ ಬಂದಿತ್ತು. ವ್ಯಾಪಾರಸ್ಥರ ಆಳು ಅದನ್ನು ಹಿಡಿದು ಓಣಿಯಲ್ಲೆಲ್ಲ ತೋರಿಸಿದ. ನೋಡಲು ಜನ ಬಂದರು. “ಬ್ಯಾಡಗಿ ಕಾಯಿ ಬಣ್ಣ ಹೋತಂದ್ರ!” ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡವರು, ಹುಡುಗಿ ಹೇಗಿದ್ದಾಳೆಂದು ಕೇಳಿದ್ದು ಹೊರಡುವಾಗ, ಚಪ್ಪಲಿ ಮೆಟ್ಟಿಕೊಳ್ಳುತ್ತ. ಅವ್ವ ಆ ಬಿಳಿಚಿದ ಕಾಯಿಗಳಲ್ಲಿ ಒಂದು ಹಿಡಿಯನ್ನು ಡಬ್ಬಿಯಲ್ಲಿ ಹಾಕಿಟ್ಟಳು. ಯಾಕೆಂದು ಆಗ ಹೇಳಲಿಲ್ಲ.

ಅಕ್ಕ ಮನೆಗೆ ಬಂದ ಮೇಲೆ ಸರ್ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣು. ಅಪ್ಪ ಕುರ್ಚಿ ಒರೆಸಿ ಕೂಡಿಸಿದ. ಸರ್ ಚಹಾ ಕುಡಿದು, ಬಸಿಯನ್ನು ಮೆಲ್ಲಗೆ ಕೆಳಗಿಟ್ಟು ಹೇಳಿದರು:

“ನಾ ಖರೇ ಹೇಳಬೇಕಂದ್ರ ಆಸಿಡ್ ಹಾಕ್ರಿ ಅಂತ ಹೇಳಿದ್ದೆ. ಪುಸ್ತಕದಾಗೂ ಹಂಗ ಐತಿ. ಹುಡುಗಿ ಹುಷಾರದಾಳ, ಆದ್ರ ಸ್ವಂತ ಬುದ್ಧಿ ಓಡಸಾಕ ಹೋಗ್ಯಾಳ. ಇರ್ಲಿ, ಹೆಡ್‌ಮಾಸ್ತರ್ ಮುಂದ ನಾ ಏನೂ ಅನ್ನಾಂಗಿಲ್ಲ.”

ಅಂದರೆ ತಪ್ಪು ಅವಳದು, ಕ್ಷಮೆ ಅವರದು! ಅಕ್ಕ ಒಳಗಿನಿಂದ ಏನೋ ಹೇಳಲು ಎದ್ದಳು, ಕೆಮ್ಮು ಬಂದು ಬಾಗಿಲ ಚೌಕಟ್ಟು ಹಿಡಿದು ಕುಸಿದಳು. ಅಪ್ಪ “ನಿಮ್ಮ ಉಪಕಾರ ಸರ್” ಎಂದು ಕೈ ಮುಗಿದ. ಸರ್ ಹೋದ ಮೇಲೆ ನಮ್ಮ ಮನೆಯಲ್ಲಿ ಎಂದೂ ಆಗದ ಜಗಳ ಆಯಿತು.

“ಇನ್ನ ಸಾಲಿ ಸಾಕು,” ಎಂದಳು ಆಯಿ. “ಓದಿ ಓದಿ ಮನೀನ ಸುಡಗಾಡ ಮಾಡ್ತಾಳ.”

“ಅಕಿಗೆ ಉಪ್ಪು ಹಾಕು ಅಂದಾವರು ಯಾರ ಅಂತ ಕೇಳ್ರಿ ಅತ್ತಿ,” ಎಂದಳು ಅವ್ವ.

“ಮಾಸ್ತರ್ ಸುಳ್ಳ ಹೇಳ್ತಾರೇನ?” ಅಪ್ಪ ಗುಡುಗಿದ. “ಮಂದಿಗೆ ನಾಕ ಅಕ್ಷರ ಕಲಸಾವ್ರು ಅವ್ರು.”

“ಹಂಗಂದ್ರ ನಿಮ್ಮ ಮಗಳು ಹೇಳ್ತಾಳೇನ ಸುಳ್ಳು?” ಎಂದಳು ಅವ್ವ.

ಅಪ್ಪ ಎದ್ದು ಕಟ್ಟೆಗೆ ಹೋದ. ಊಟಕ್ಕೂ ಬರಲಿಲ್ಲ. ಅಕ್ಕನ ಪುಸ್ತಕಗಳನ್ನು ಆಯಿ ಅಟ್ಟಕ್ಕೆ ಹಾಕಿಸಿದಳು. ಪರೀಕ್ಷೆ ಹತ್ತಿರದಲ್ಲಿತ್ತು. ಹತ್ತನೆಯ ಇಯತ್ತೆ ಅರ್ಧಕ್ಕೆ ಬಿಟ್ಟ ಹುಡುಗಿಗೆ ನಮ್ಮ ಓಣಿಯಲ್ಲಿ ಮುಂದೆ ಏನೆಂದು ಎಲ್ಲರಿಗೂ ಗೊತ್ತಿತ್ತು: ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಯಿಯ ರಾಶಿ, ಅದೇ ದೂಳು. ಡಾಕ್ಟರು ಮಾತ್ರ ಅವಳನ್ನು ದೂಳಿನಿಂದ ದೂರ ಇಡಿ ಎಂದು ಹೇಳಿ ಕಳಿಸಿದ್ದರು.

ಅಂದಿನಿಂದ ನಮ್ಮ ಮನೆಗೆ ನಿದ್ದೆ ಇಲ್ಲವಾಯಿತು. ಮಲಗಿದರೆ ಅಕ್ಕನಿಗೆ ಕೆಮ್ಮು ಏರುತ್ತಿತ್ತು, ಆಗ ನಾವೆಲ್ಲ ಎಚ್ಚರ. ಕೆಮ್ಮು ತಗ್ಗಿ ಅವಳಿಗೆ ಜೊಂಪು ಹತ್ತಿದರೆ ಇನ್ನೂ ಕಷ್ಟ. ಸದ್ದು ನಿಂತ ಕೂಡಲೇ ಅವ್ವ ಚಕ್ಕನೆ ಎದ್ದು ಅವಳ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದಳು. ಉಸಿರು ತಾಗಿದ ಮೇಲೆಯೇ ಕೂಡುತ್ತಿದ್ದಳು, ಮಲಗುತ್ತಿರಲಿಲ್ಲ.

ಅಪ್ಪನಿಗೆ ನಿಜ ತಿಳಿದದ್ದು ಯಾರೂ ಹೇಳಿ ಅಲ್ಲ. ಒಂದು ಭಾನುವಾರ ಅಕ್ಕನ ತರಗತಿಯ ಹುಡುಗಿಯರು ನೋಡಲು ಬಂದರು. ಅಪ್ಪ ಹೊರಗೆ ಕಟ್ಟೆಯ ಮೇಲೆ ತುತ್ತೂರಿಯೊಂದಕ್ಕೆ ಬಣ್ಣ ಹಚ್ಚುತ್ತಿದ್ದ. ಒಳಗೆ ಅವರಲ್ಲೊಬ್ಬಳು ಅಕ್ಕನನ್ನು ನಗಿಸಲು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಸರ್ ಥರ ಮೂಗಿನಲ್ಲಿ ಶುರುಮಾಡಿದಳು: “ಹುಡುಗ್ಯಾರು ಮುಟ್ಟಬ್ಯಾಡ್ರಿ, ಮಾರಿಗೆ ಸಿಡದ್ರ ಯಾರ ಮಾಡ್ಕೋತಾರ...” ಉಳಿದವರು ಒಟ್ಟಿಗೆ “ಉಪ್ಪು ಹಾಕ್ರಿ, ಎಲ್ಲಾ ಒಂದ!” ಎಂದು ಮುಗಿಸಿ ನಕ್ಕರು. ಕಟ್ಟೆಯ ಮೇಲೆ ಬ್ರಷ್ ಸದ್ದು ನಿಂತಿತು.

ಅಪ್ಪ ಹೋಗಿ ಆ ಮನುಷ್ಯನ ಕೊರಳಪಟ್ಟಿ ಹಿಡಿಯಬೇಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಹಿಡಿಯಲಿಲ್ಲ. ಮಾಸ್ತರರ ಎದುರು ದನಿಯೆತ್ತುವುದು ಅವನ ಮೈಯಲ್ಲೇ ಇರಲಿಲ್ಲ. ಹುಡುಗಿಯರು ಹೋದ ಮೇಲೆ ಅಟ್ಟ ಹತ್ತಿ ಪುಸ್ತಕ ಇಳಿಸಿದ. ಆಮೇಲೆ ಕೆಂಪು ಬಟ್ಟೆ ಕಟ್ಟಿದ ಕ್ಯಾನು ಇಳಿಸಿ ಹಿತ್ತಲಲ್ಲಿ, ಗಾಳಿ ಆಡುವ ಕಡೆ ಇಟ್ಟ.

“ಬಾ ಇಲ್ಲಿ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರ್ದು. ಸಾವಕಾಶ. ನಾ ಇಲ್ಲೇ ಇರ್ತೇನಿ.”

ಅಕ್ಕ ಒಂದೊಂದೇ ಹನಿ ಎಣಿಸಿ ಹಾಕಿದಳು. ಗುಳ್ಳೆ ಏಳತೊಡಗಿದಾಗ ಅವ್ವ ಹಿತ್ತಲ ಬಾಗಿಲಲ್ಲಿ ನಿಂತು, ಓಡಲು ತಯಾರಾದವಳಂತೆ ಸೀರೆ ಎತ್ತಿ ಸಿಕ್ಕಿಸಿಕೊಂಡಳು. ಒಂದು ಬಾಟಲಿ ತುಂಬುವ ಹೊತ್ತಿಗೆ ಇನ್ನೊಂದು ಅರ್ಧ ಆಯಿತು. ಎರಡಕ್ಕೆ ಒಂದು. ಅಕ್ಕ ಉರಿ ಆರಿಸಿದ ಊದಿನಕಡ್ಡಿ ಕೇಳಿದಳು.

“ದೇವರ ಮುಂದಿನ ಕಡ್ಡಿ ಬಾಟ್ಲಿಯೊಳಗ ತುರುಕತೀಯೇನ?” ಎಂದು ಗೊಣಗುತ್ತಲೇ ಆಯಿ ತಂದುಕೊಟ್ಟಳು. ಕಿಡಿ ಮಾತ್ರ ಉಳಿದಿದ್ದ ಕಡ್ಡಿ ಅರ್ಧದ ಬಾಟಲಿಯಲ್ಲಿ ಧಗ್ಗೆಂದು ಹತ್ತಿತು. ತುಂಬಿದ ಬಾಟಲಿಯ ಬಾಯಿಗೆ ಬೆಂಕಿಕಡ್ಡಿ ತಂದಾಗ ಪಟ್ ಎಂದಿತು. ಆಯಿ ಬೆಚ್ಚಿ “ಅಯ್ಯ ನಿನ್ನ!” ಎಂದು ಅಪ್ಪನ ತೋಳು ಹಿಡಿದುಕೊಂಡಳು, ಆಮೇಲೆ ತಾನೇ ನಕ್ಕಳು. ಸಾಲಿ ಬಿಡಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಪ್ರದರ್ಶನಕ್ಕೆ ಅಕ್ಕ ಬರಲಾರಳೆಂದು ಸರ್ ನಂಬಿದ್ದರು. ಬರಬೇಡ ಎನ್ನಲು ಅವರ ಬಳಿ ಹೇಳಬಹುದಾದ ಕಾರಣವೂ ಇರಲಿಲ್ಲ. ಮೌಲಾಸಾಬ್ ಕಾಕಾನ ಟೆಂಪೊದಲ್ಲಿ ಅಪ್ಪ, ಅವ್ವ, ನಾನು, ಅಕ್ಕ ಎಲ್ಲರೂ ರಾಣೆಬೆನ್ನೂರಿಗೆ ಹೋದೆವು. ಅಕ್ಕ ಮೇಜಿನ ಮೇಲೆ ಬೋಗುಣಿ, ಬಾಟಲಿ ಜೋಡಿಸಿದಳು. ಅವ್ವ ಸೊಂಟದಿಂದ ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟಳು. ಅಕ್ಕ ಒಂದು ಬಸಿಯಲ್ಲಿ ಕೆಂಪು ಕಾಯಿ, ಪಕ್ಕದ ಬಸಿಯಲ್ಲಿ ಬಿಳಿಚಿದ ಕಾಯಿ ಇಟ್ಟಳು. ಸರ್ ಅದನ್ನು ನೋಡಿ “ಇದ್ಯಾಕ ಇಲ್ಲಿ? ತಗಿ ತಗಿ” ಎನ್ನುವಷ್ಟರಲ್ಲಿ ಪರೀಕ್ಷಕರು ಬಂದೇಬಿಟ್ಟರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಹೆಂಗಸು, ದಪ್ಪ ಕನ್ನಡಕ. ಪ್ರಯೋಗ ನೋಡಿ ತಲೆಯಾಡಿಸಿ, ಬಸಿಯತ್ತ ಬೆರಳು ತೋರಿದರು.

“ಇದೇನು?”

“ಇದು ಉಪ್ಪು ಹಾಕಿದ್ರ ಆಗೂದ್ರಿ ಮೇಡಮ್. ಕ್ಲೋರಿನ್. ಕಾಯಿಗೆ ಹೊರಗ ಆಗೇತಿ. ನನಗ ಒಳಗ ಆಗೇತಿ.” ಅಲ್ಲಿಗೆ ಕೆಮ್ಮು ಬಂತು. ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ, ಎಲ್ಲರೆದುರು ಕೆಮ್ಮಿ ಮುಗಿಸಿದಳು.

“ಉಪ್ಪು ಹಾಕು ಅಂತ ಯಾರು ಹೇಳಿದ್ರು?”

ಸರ್ ಅವಳ ಬೆನ್ನ ಹಿಂದೆಯೇ ನಿಂತಿದ್ದರು. ಅಪ್ಪ ನೆಲ ನೋಡುತ್ತಿದ್ದ. ಅಕ್ಕ ತಿರುಗಿ ಅವರ ಮುಖವನ್ನೇ ನೋಡಿ ಹೇಳಿದಳು:

“ನಮ್ಮ ಸರ್ ಹೇಳಿದ್ರು. ಹುಡುಗ್ರಿಗೆ ಆಸಿಡ್, ಹುಡುಗ್ಯಾರಿಗೆ ಉಪ್ಪು ಅಂದ್ರು. ನನ್ನ ಮಾರಿ ಚೊಲೋ ಇರ್ಲಿ ಅಂತ.”

ಆಗ ಅಪ್ಪ ತಲೆಯೆತ್ತಿದ. “ಹೌದ್ರಿ,” ಎಂದ, ಮೈಕ್ ಪರೀಕ್ಷೆ ಮಾಡುವಾಗಿನ ದನಿಯಲ್ಲಿ, ಪಕ್ಕದ ಮೇಜುಗಳೂ ತಿರುಗಿ ನೋಡುವಂತೆ. “ಹಂಗ ಹೇಳ್ಯಾರ.”

ಬಹುಮಾನ ಬರಲಿಲ್ಲ. ಸರ್‌ಗೆ ಏನೂ ಆಗಲಿಲ್ಲ. ನಿವೃತ್ತಿಯಾಗುವವರೆಗೆ ಪಾಠ ಹೇಳಿದರು, ಊರವರು ಶಾಲು ಹೊದಿಸಿ ಕಳಿಸಿದರು. ಮುಂದೆ ನಾನು ರಾಣೆಬೆನ್ನೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಇದೇ ಉಪ್ಪಿನ ಪ್ರಯೋಗವನ್ನು ಕಿಟಕಿ ತೆರೆದು, ಹೊಗೆ ಎಳೆಯುವ ಗೂಡಿನೊಳಗೆ, ಎಚ್ಚರಿಕೆ ಹೇಳಿ ಹೇಳಿ ಮಾಡಿಸಿದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಇಷ್ಟೇ ಇತ್ತಲ್ಲ ಹೇಳುವುದು! ಒಂದು ವಾಕ್ಯ.

ಪ್ರದರ್ಶನದಿಂದ ಬಂದ ಸಂಜೆ ಅವ್ವ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದಳು. ಅಪ್ಪ ಎರಡು ರೊಟ್ಟಿ ಹೆಚ್ಚು ಉಂಡ. ಅಕ್ಕ ಪುಸ್ತಕವನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೆಮ್ಮಿದಳು. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ, ಯಾಕೆಂದರೆ ನನಗೆ ಎಚ್ಚರವಾದಾಗ ಪಡಸಾಲೆಯ ಕಾಯಿಗಳ ಮೇಲೆ ಬಿಸಿಲು ಬಿದ್ದಿತ್ತು. ಮನೆಯಲ್ಲಿ ಒಂದೇ ಒಂದು ಸದ್ದಿಲ್ಲ. ಅವ್ವ ಗೋಡೆಗೊರಗಿ, ಕಾಲು ಚಾಚಿ, ಬಾಯಿ ತೆರೆದು ಮಲಗಿದ್ದಳು. ಅಕ್ಕ ಕೆಮ್ಮುತ್ತಿರಲಿಲ್ಲ. ತೆವಳಿಕೊಂಡು ಹೋಗಿ ಅವಳ ಮೂಗಿನ ಕೆಳಗೆ ಬೆರಳು ಹಿಡಿದೆ.

ಅಕ್ಕ ಒಂದು ಕಣ್ಣು ತೆರೆದಳು.

“ಇದ್ದೇನಿ. ಕೈ ತಗಿಯ, ಕಾಯಿ ಮುಟ್ಟೀದಿ, ಮೂಗ ಉರೀತೈತಿ,” ಎಂದು ಮಗ್ಗಲು ಬದಲಿಸಿ ಮತ್ತೆ ನಿದ್ದೆಹೋದಳು.